ಎಲ್ಲದಕ್ಕೂ ಮಂಡಿಯೇ ಕಾರಣ

ಅಜ್ಜಂಪುರದ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಯಾವುದನ್ನೂ ಬಾಯಲ್ಲಿ ಹೇಳಿ ಕಲಿಸಿದವರಲ್ಲ. ಪಥಸಂಚಲನದ ಅಭ್ಯಾಸವೆಂದರೆ ಅವರು ಮೈದಾನದ ಈ ತುದಿಯಿಂದ ಆ ತುದಿಗೆ ಮುಂದೆ ನಡೆಯುವುದು, ಮಕ್ಕಳು ಮೂರು ಸಾಲಾಗಿ ಅವರನ್ನೇ ನೋಡುತ್ತ ಹಿಂದೆ ನಡೆಯುವುದು. “ನೋಡು, ಮಾಡು. ಬಾಯಲ್ಲಿ ಹೇಳಿದ್ದು ಕಿವಿಗೆ ಹೋಗುತ್ತೆ, ಕಾಲಿಗೆ ಹೋಗಲ್ಲ” ಎನ್ನುತ್ತಿದ್ದರು. ತಿರುಗಿ ನೋಡಿ ತಿದ್ದುವ ಅಭ್ಯಾಸ ಅವರಿಗಿರಲಿಲ್ಲ. ಹೆಜ್ಜೆ ತಪ್ಪಿದ್ದು ಶಬ್ದದಲ್ಲೇ ತಿಳಿಯುತ್ತಿತ್ತು. ಮುಂದೆ ನಡೆಯುತ್ತಲೇ, “ಎರಡನೇ ಸಾಲಲ್ಲಿ ಯಾವನೋ ಅವ್ನು, ಕೆಸರು ಗದ್ದೇಲಿ ಹೋಗ್ತಿರೋನು?” ಎಂದು ಕೂಗುವರು. ಎರಡನೇ ಸಾಲಿನ ಒಬ್ಬ ಹುಡುಗ ನಾಲಿಗೆ ಕಚ್ಚಿಕೊಂಡು ಹೆಜ್ಜೆ ಬದಲಿಸುವನು.

ಅವರು ಕಳೆದ ತಿಂಗಳು ತೀರಿಕೊಂಡರು. ನಾನು ಅವರ ಶಿಷ್ಯೆಯಲ್ಲ. ಕಡೂರಿನಿಂದ ದಿನವೂ ಹೋಗಿ ಬರುತ್ತ ಆ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅತಿಥಿ ಶಿಕ್ಷಕಿ. ಊಟದ ಬಿಡುವಿನಲ್ಲಿ ದಿನಚರಿಗೆ ನಾಲ್ಕು ಸಾಲು ಹಾಕುವ ಅಭ್ಯಾಸ ನನಗಿದೆ. ಸ್ಟಾಫ್ ರೂಮಿನಲ್ಲಿ ಅದನ್ನು ಮೊದಲು ಗಮನಿಸಿದವರು ಅವರೇ. “ಏನಮ್ಮಾ, ಇವತ್ತಿನ ವರದಿ ಆಯ್ತಾ? ನಾನು ಲೇಟಾಗಿ ಬಂದೆ ಅಂತ ಎಲ್ಲಾದ್ರೂ ಬರೆದಿದ್ರೆ ಹೊಡೆದು ಹಾಕಿಬಿಡು. ಸುಳ್ಳು ಬರೀಬಾರ್ದು” ಎಂದಿದ್ದರು. ತರೀಕೆರೆಯಲ್ಲಿ ಮನೆ ಮಾಡಿಕೊಂಡು, ಬಸ್ಸಿನಲ್ಲಿ ಬಂದು, ಅಜ್ಜಂಪುರದಲ್ಲೇ ಇರುವ ಮೇಷ್ಟ್ರುಗಳಿಗಿಂತ ಮೊದಲು ಗೇಟಿನ ಬಳಿ ನಿಂತಿರುತ್ತಿದ್ದವರಿಗೆ ಹಾಗೆ ಹೇಳುವ ಹಕ್ಕಿತ್ತು.

ಅವರ ಬಗ್ಗೆ ಸಮಾಧಾನವಾಗಿ ಬರೆಯಬೇಕೆಂದು ಎರಡು ಸಲ ಕೂತೆ. ಎರಡು ಸಲವೂ ಸಿಟ್ಟೇ ಬಂತು. ಇನ್ನು ಸಮಾಧಾನಕ್ಕೆ ಕಾಯುವುದಿಲ್ಲ.

ಮೇಷ್ಟ್ರಿಗೆ ಸಂಧಿವಾತವಿತ್ತು. ನಲವತ್ತು ದಾಟುವ ಹೊತ್ತಿಗೆ ಬೆರಳ ಗೆಣ್ಣುಗಳಲ್ಲಿ ಶುರುವಾಗಿ ಮಣಿಕಟ್ಟಿಗೆ ಬಂದು ಆಮೇಲೆ ಮಂಡಿಗೆ ಇಳಿದ ಕಾಯಿಲೆ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಮೈ ಅವರ ಮಾತು ಕೇಳುತ್ತಿರಲಿಲ್ಲವಂತೆ. ಆ ಒಂದು ಗಂಟೆಯನ್ನು ಕಳೆಯಲೆಂದೇ ಬೇಗ ಏಳುತ್ತಿದ್ದರು. ಶಾಲೆಗೆ ಬಂದ ಮೇಲೆ ಬಿಸಿಯೂಟದ ಒಲೆಯ ಬಳಿ ಹೋಗಿ ಬಿಸಿನೀರಿನ ಸ್ಟೀಲ್ ಲೋಟವೊಂದನ್ನು ಎರಡು ಕೈಯಲ್ಲೂ ಹಿಡಿದು ನಿಲ್ಲುವರು. ಕುಡಿಯುವುದಕ್ಕಲ್ಲ, ಬೆರಳು ಬಿಡಿಸಿಕೊಳ್ಳಲು. ಅಡುಗೆಯಾಕೆ, “ಸಾರ್, ಕುಡೀರಿ, ಆರೋಗುತ್ತೆ” ಎಂದರೆ, “ಆರಲಿ ಬಿಡಮ್ಮಾ, ಇನ್ನೊಂದು ಕೊಡು” ಎನ್ನುವರು. ಪ್ರಾರ್ಥನೆಯ ಹೊತ್ತಿಗೆ ಸೀಟಿ ಅವರ ಕೈಯಲ್ಲಿ ಸಲೀಸಾಗಿ ಆಡುತ್ತಿತ್ತು. ನೋವಿನ ಬಗ್ಗೆ ಒಂದು ಮಾತಿಲ್ಲ.

ಅವರ ಬಾಯಲ್ಲಿ ಇದ್ದದ್ದು ಒಂದೇ ಬೈಗುಳ: ಸೋಮಾರಿ. ಕದ್ದವನನ್ನು, ಸುಳ್ಳು ಹೇಳಿದವನನ್ನು, ಹೊಡೆದಾಡಿಕೊಂಡವನನ್ನು ಪಕ್ಕಕ್ಕೆ ಕರೆದು ಮಾತಾಡಿ ಬಿಡುತ್ತಿದ್ದರು. ಸಾಲಿನಲ್ಲಿ ಜೋತುಬಿದ್ದು ನಿಂತವನನ್ನು ಮಾತ್ರ ಬಿಡುತ್ತಿರಲಿಲ್ಲ. “ನಂಗಾಗಲ್ಲ ಅನ್ನು, ಒಪ್ಕೊತೀನಿ. ಆಗೋದನ್ನ ಮಾಡಲ್ಲ ಅಂದ್ರೆ ಅವನು ಸೋಮಾರಿ. ಸೋಮಾರಿ ಜೊತೆ ನನಗೆ ಮಾತಿಲ್ಲ.” ನಾವು ಶಿಕ್ಷಕರೂ ತಪ್ಪಿಸಿಕೊಂಡಿರಲಿಲ್ಲ. ಒಮ್ಮೆ ರಾಷ್ಟ್ರಗೀತೆ ಮುಗಿದ ಕೂಡಲೇ ನನ್ನ ಬಳಿ ಬಂದು ಮೆಲ್ಲಗೆ, “ಮೇಡಂ, ಎಂಟನೇ ಕ್ಲಾಸು ನಿಮಗಿಂತ ನೆಟ್ಟಗೆ ನಿಂತಿತ್ತು” ಎಂದು ಹೇಳಿ ಹೋದರು.

ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದ ಮೇಲೆ ಆಗಸ್ಟ್ ಹದಿನೈದರ ಪಥಸಂಚಲನ ಅಲ್ಲೇ ನಡೆಯತೊಡಗಿತು. ಅದಕ್ಕೆ ಮೊದಲು ಮಕ್ಕಳನ್ನು ಲಾರಿಯಲ್ಲೋ ಬಸ್ಸಿನಲ್ಲೋ ತುಂಬಿಕೊಂಡು ತರೀಕೆರೆಗೆ ಹೋಗಬೇಕಿತ್ತು. ಬೇರೆ ಶಾಲೆಗಳಲ್ಲಿ ತುಕಡಿಯ ಮುಂದೆ ಒಬ್ಬ ವಿದ್ಯಾರ್ಥಿ ನಾಯಕ ನಡೆಯುತ್ತಾನೆ. ನಮ್ಮದಕ್ಕೆ ಮೇಷ್ಟ್ರೇ ಮುಂದೆ. ತರೀಕೆರೆಗೆ ಹೋಗುತ್ತಿದ್ದ ಕಾಲದಿಂದ ನಡೆದುಬಂದ ರೂಢಿ, ಯಾರೂ ಬೇಡವೆನ್ನಲಿಲ್ಲ. ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಕ್ಯಾನ್ವಾಸ್ ಶೂ ಹಾಕಿ ಅವರು ಮುಂದೆ ಬಂದರೆ ಜನ ಶಾಮಿಯಾನದ ಕೆಳಗೆ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು.

ನಾನು ಸೇರಿದ ಎರಡನೇ ವರ್ಷದ ಆಗಸ್ಟಿನಲ್ಲಿ ನಡೆದದ್ದನ್ನು ಈಗ ನೆನೆದರೂ ಕೆನ್ನೆ ಬಿಸಿಯಾಗುತ್ತದೆ. ನಮ್ಮ ತುಕಡಿ ಗಣ್ಯರ ಮುಂದೆ ಬಂತು. ಮಕ್ಕಳ ಎಡಗೈಗಳು ಭುಜದ ಮಟ್ಟಕ್ಕೆ ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು. ಬಲಗೈಗಳು ಎದ್ದೇ ಇಲ್ಲ. ಮೂರು ಸಾಲಿನಲ್ಲಿ ಅಷ್ಟೂ ಮಕ್ಕಳ ಬಲಗೈ ಮೊಣಕೈಯಲ್ಲಿ ಸ್ವಲ್ಪ ಮಡಿಸಿಕೊಂಡು ಪಕ್ಕೆಗೆ ಅಂಟಿದೆ. ಮುಂದೆ ಮೇಷ್ಟ್ರದೂ ಹಾಗೇ. ಯಾರೂ ಒಂದು ಹೆಜ್ಜೆ ತಪ್ಪಲಿಲ್ಲ. ಶಾಮಿಯಾನದಲ್ಲಿ ಮೊದಲು ಪಿಸುಮಾತು, ಆಮೇಲೆ ನಗು. ಕಾರ್ಯಕ್ರಮ ಮುಗಿದ ಮೇಲೆ ಇನ್ನೊಂದು ಶಾಲೆಯ ಪಿ.ಟಿ. ಮೇಷ್ಟ್ರು ಮೈಸೂರುಪಾಕು ತಿನ್ನುತ್ತ ಬಂದು, “ಏನ್ ಸಾರ್, ಹೊಸಾ ನಮೂನೆ? ತಾಯಿಕೋಳಿ ಒಂದೇ ರೆಕ್ಕೆ ಬಡಿದ್ರೆ ಮರಿಗಳೂ ಒಂದೇ ರೆಕ್ಕೆನಾ?” ಎಂದರು. ನಮ್ಮ ಮೇಷ್ಟ್ರಿಗೆ ಮಾತು ಅರ್ಥವೇ ಆಗಲಿಲ್ಲ.

ಶಾಲೆಗೆ ಬಂದು ಮಕ್ಕಳನ್ನು ಸಾಲು ನಿಲ್ಲಿಸಿ ನಡೆಸಿದರು. ಆ ದಿನ ಮೊದಲ ಬಾರಿಗೆ ಪಕ್ಕದಲ್ಲಿ ನಿಂತು ನೋಡಿದರು.

“ಯಾರ್ರೋ ಇದನ್ನ ಹೇಳ್ಕೊಟ್ಟಿದ್ದು?”

ಮುಂದಿನ ಸಾಲಿನ ಹುಡುಗಿಯೊಬ್ಬಳು, “ನೀವೇ ಸಾರ್” ಎಂದಳು.

“ನಾನಾ?”

“ನೀವು ಹಂಗೇ ನಡೀತೀರಲ್ಲ ಸಾರ್. ನಮ್ಮ ಸ್ಕೂಲಿನ ಸ್ಟೈಲು ಅಂದ್ಕೊಂಡ್ವಿ.”

ಮೇಷ್ಟ್ರು ಹತ್ತು ಮಾರು ನಡೆದು ತೋರಿಸಿದರು. ಬೇಕೆಂದೇ ಎತ್ತಿದಾಗ ಬಲಗೈ ಚೆನ್ನಾಗಿಯೇ ಮೇಲೆ ಬಂತು. ನಾಲ್ಕಾರು ಹೆಜ್ಜೆಗೆ ತಾನಾಗಿ ಇಳಿದು ಪಕ್ಕೆಗೆ ಸೇರಿತು. ಅವರು ನಡೆಯುತ್ತಲೇ ಇದ್ದರು. ಅದು ಇಳಿದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಮಕ್ಕಳು ನಗಲಿಲ್ಲ. ನಾವು ಶಿಕ್ಷಕರು ನಕ್ಕೆವು. ಅವರೂ ಕೈ ನೋಡಿಕೊಂಡು ನಕ್ಕು, “ಭುಜ ಹಿಡ್ಕೊಂಡಿದೆ ಕಣ್ರೀ. ಈ ಕೀಲಿನ ಕಾಯಿಲೆ ಈಗ ಭುಜಕ್ಕೂ ಬಂತು” ಎಂದರು. ಮೂಳೆ ಡಾಕ್ಟರೂ ಅದನ್ನೇ ಹೇಳಿದರು. ಭುಜಕ್ಕೆ ಶಾಖ, ಗೋಡೆ ಹತ್ತುವಂತೆ ಬೆರಳು ನಡೆಸುವ ವ್ಯಾಯಾಮ, ಮಾತ್ರೆ.

ಅಲ್ಲಿಂದ ಮುಂದೆ ಎಲ್ಲದಕ್ಕೂ ಒಂದೊಂದು ಸಮಜಾಯಿಷಿ ಸಿದ್ಧವಾಗಿಯೇ ಸಿಗುತ್ತಾ ಹೋಯಿತು. ಹಾಜರಿ ಪುಸ್ತಕದಲ್ಲಿ ಅವರ ಅಕ್ಷರ ಸಣ್ಣದಾಗುತ್ತ ಸಾಲಿನ ಕೊನೆಗೆ ಇರುವೆಯಂತಾಯಿತು. ಬೆರಳ ಗೆಣ್ಣು ಎಂದೆವು. ಮೈದಾನ ತುಂಬುತ್ತಿದ್ದ ಕಂಠ ಮೂರನೇ ಸಾಲಿಗೂ ಕೇಳದಾಯಿತು. ಅಷ್ಟು ವರ್ಷ ಕೂಗಿದರೆ ಗಂಟಲು ಉಳಿಯುತ್ತದೆಯೇ ಎಂದೆವು. ಒಂದು ದಿನ ಬಿಸಿಯೂಟದ ಸಾಂಬಾರು ತಳಹಿಡಿದು ಅರ್ಧ ಊರಿಗೆ ವಾಸನೆ ಹೋಗಿದ್ದರೂ ಅಂದು ರುಚಿ ನೋಡುವ ಪಾಳಿಯಲ್ಲಿದ್ದ ನಮ್ಮ ಮೇಷ್ಟ್ರು ‘ಚೆನ್ನಾಗಿದೆ’ ಎಂದು ಸಹಿ ಹಾಕಿದರು. ಅಡುಗೆಯಾಕೆಯೇ ಗಾಬರಿಯಾದಳು. “ಕೊರೊನಾ ಬಂದಾಗ ಮೂಗು ಹೋಯ್ತು ಕಣಮ್ಮಾ, ವಾಪಸ್ ಬರ್ಲೇ ಇಲ್ಲ” ಎಂದರು. ಅದನ್ನೂ ಒಪ್ಪಿಕೊಂಡೆವು. ಮುಖದಲ್ಲಿ ನಗು ಕಡಿಮೆಯಾಯಿತು. ನೋವು ತಿನ್ನುವವರ ಮುಖ ಇನ್ನು ಹೇಗಿರುತ್ತದೆ? ನಡುಕವೊಂದು ಇದ್ದಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರೋ ಏನೋ. ಅವರ ಕೈ ಒಂದು ದಿನವೂ ನಡುಗಲಿಲ್ಲ.

ಮಂಡಿ ಮಾತ್ರ ನಿಜವಾಗಿಯೂ ಹಾಳಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಗುಲಿದ್ದನ್ನು ನನಗೂ ತೋರಿಸಿದ್ದರು. ಬಲ ಮಂಡಿಯ ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದಾಗ ಮೇಷ್ಟ್ರು ಹೆಚ್ಚು ಯೋಚಿಸಲಿಲ್ಲ. ಮುಂದಿನ ವರ್ಷ ನಿವೃತ್ತಿ. ಬರುವ ಆಗಸ್ಟ್ ಹದಿನೈದು ಅವರ ಕೊನೆಯ ಪಥಸಂಚಲನ. ಏಪ್ರಿಲ್ ರಜೆಯಲ್ಲಿ ಮಾಡಿಸಿದರೆ ಆಗಸ್ಟ್ ಹೊತ್ತಿಗೆ ನಡೆಯಬಹುದು. “ಹಿಂದಿನ ಸಲ ಮಕ್ಕಳ ಮಾನ ಕಳೆದೆ. ಈ ಸಲ ಎರಡು ಕೈಯೂ ಬೀಸಿ ಅವರನ್ನ ಕರ್ಕೊಂಡು ಹೋಗ್ಬೇಕು. ಆಮೇಲೆ ಮನೇಲಿ ಬೇಕಾದಷ್ಟು ಹೊತ್ತು ಕೂತ್ಕೋತೀನಿ” ಎಂದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಾಯ ಮಾಯಿತು, ಮಂಡಿ ಬೇಕಾದಷ್ಟು ಮಡಚುತ್ತಿತ್ತು. ಡಾಕ್ಟರು ಹೊಸ ಎಕ್ಸ್‌ರೇ ನೋಡಿ ಖುಷಿಪಟ್ಟರು. ಮೇಷ್ಟ್ರು ಮಾತ್ರ ನಡೆಯಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ಅವರು ರಜೆಯಲ್ಲಿದ್ದರು. ಪಥಸಂಚಲನದ ತರಬೇತಿ ನನ್ನ ಪಾಲಿಗೆ ಬಂತು. ಜುಲೈ ಪೂರ್ತಿ ಭಾನುವಾರಗಳಂದು ತರೀಕೆರೆಗೆ ಹೋಗಿ ಅವರ ಬಳಿ ಪಾಠ ಹೇಳಿಸಿಕೊಂಡೆ. ಹೋದಾಗಲೆಲ್ಲ ಅವರು ನಡುಮನೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಎದುರಿನ ಗೋಡೆಗೆ ಹೊಸ ವಾಕರ್ ಒರಗಿಸಿತ್ತು. ಅವರ ಹೆಂಡತಿ ಚುರುಕು ಹೆಂಗಸು, ಬಾಯಿ ಇನ್ನೂ ಚುರುಕು.

“ಬಾಮ್ಮಾ. ನೋಡು ನಿಮ್ಮ ಮೇಷ್ಟ್ರನ್ನ. ಮಂಡಿ ಹೊಸದು, ಮನುಷ್ಯ ಹಳೇ ಜಾಗದಲ್ಲೇ ಕೂತವ್ರೆ.”

“ನಾಳೆಯಿಂದ ನಡೀತೀನಿ ಕಣೇ.”

“ನಿಮ್ಮ ನಾಳೆಗೆ ಮೂರು ತಿಂಗ್ಳು ತುಂಬ್ತು.”

ವ್ಯಾಯಾಮ ಮಾಡಿಸಲು ವಾರಕ್ಕೆ ಎರಡು ದಿನ ಒಬ್ಬ ಫಿಸಿಯೋಥೆರಪಿಸ್ಟ್ ಬರುತ್ತಿದ್ದ. ಅವನ ಮಾತೂ ಅದೇ. “ಸಾರ್, ಮಂಡೀಲಿ ಏನೂ ತೊಂದ್ರೆ ಇಲ್ಲ. ನೀವು ಪ್ರಯತ್ನ ಪಡ್ತಿಲ್ಲ, ಅಷ್ಟೇ.” ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಳ್ಳುವರು. ಮಕ್ಕಳಿಗೆ ಅವರು ಹೇಳುತ್ತಿದ್ದ ಮಾತನ್ನೇ ಈಗ ಇನ್ನೊಬ್ಬ ಅವರಿಗೆ ಹೇಳುತ್ತಿದ್ದ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಒಂದು ಮಾತು ಹೇಳಮ್ಮಾ, ನೀನು ವಿಜ್ಞಾನದೋಳು. ಕಾಲಿಗೆ ನಡಿ ಅಂತೀನಿ. ಅದಕ್ಕೆ ಕೇಳಿಸುತ್ತೆ, ನನಗೆ ಗೊತ್ತು. ಆದ್ರೂ ಯಾಕೆ ಏಳಲ್ಲ?” ಆಪರೇಷನ್ ಆದ ಹೊಸತರಲ್ಲಿ ಹಾಗಾಗುತ್ತದೆ ಸಾರ್ ಎಂದೆ. ನನಗೆ ಏನೂ ಗೊತ್ತಿರಲಿಲ್ಲ.

ಜುಲೈ ಕೊನೆಯ ಭಾನುವಾರ ಒಂದು ವಿಚಿತ್ರ ನಡೆಯಿತು. ಮೇಷ್ಟ್ರು ಬಚ್ಚಲುಮನೆಯಿಂದ ವಾಕರ್ ಹಿಡಿದು ಬರುತ್ತಿದ್ದವರು ನಡುಮನೆಯ ಹೊಸ್ತಿಲ ಮುಂದೆ ನಿಂತುಬಿಟ್ಟರು. ಪಾದ ನೆಲಕ್ಕೆ ಅಂಟಿದಂತೆ, ಹಿಮ್ಮಡಿ ಮಾತ್ರ ಸಣ್ಣಗೆ ಅದುರುತ್ತ, ಹೊಸ್ತಿಲನ್ನೇ ನೋಡುತ್ತ ನಿಂತಿದ್ದಾರೆ. ನಾನು ಅದನ್ನು ಗಮನಿಸದೆ, ಅವರು ಹಿಂದಿನ ವಾರ ಹೇಳಿಕೊಟ್ಟಂತೆ ಹೊಟ್ಟೆಯಿಂದ ಧ್ವನಿ ತೆಗೆದು ಆಜ್ಞೆ ಕೂಗುವುದನ್ನು ಅಭ್ಯಾಸ ಮಾಡುತ್ತಿದ್ದೆ. “ಲೆಫ್ಟ್... ರೈಟ್... ಲೆಫ್ಟ್... ರೈಟ್...”

ಮೇಷ್ಟ್ರು ಕಾಲೆತ್ತಿ ಹೊಸ್ತಿಲು ದಾಟಿದರು. ವಾಕರ್ ಅಲ್ಲೇ ಉಳಿಯಿತು. ನನ್ನ ಕೂಗಿಗೆ ಸರಿಯಾಗಿ ಹೆಜ್ಜೆ ಹಾಕುತ್ತ ನಡುಮನೆ ದಾಟಿ ಕುರ್ಚಿಯವರೆಗೆ ಬಂದರು. ಆಶ್ಚರ್ಯದಿಂದ ನಾನು ಕೂಗುವುದನ್ನು ನಿಲ್ಲಿಸಿದೆ, ಅವರೂ ನಿಂತರು.

ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಸೌಟು ಹಿಡಿದು ನಿಂತಿದ್ದರು. “ನೋಡ್ದೇನಮ್ಮಾ” ಎಂದರು. ಧ್ವನಿಯಲ್ಲಿ ಖುಷಿ ಇರಲಿಲ್ಲ. “ನಡೀತಾರೆ. ಬೇಕು ಅಂದ್ರೆ ನಡೀತಾರೆ. ಇಷ್ಟು ದಿನ ಇವರನ್ನ ಎತ್ತಿ ಕೂರಿಸಿ ನನ್ನ ಸೊಂಟ ಹೋಯ್ತು. ಎಲ್ಲಾ ಸೋಮಾರಿತನ.”

ಆ ಮನೆಯಲ್ಲಿ ಆ ಪದ ಮೊದಲ ಸಲ ಮೇಷ್ಟ್ರ ಮೇಲೆ ಬಿತ್ತೆಂದು ಕಾಣುತ್ತದೆ. ಅವರು ಹೆಂಡತಿಯನ್ನು ನೋಡಲಿಲ್ಲ. ತಮ್ಮ ಪಾದವನ್ನು ನೋಡಿಕೊಂಡರು. ಆ ಸಂಜೆ ನನ್ನನ್ನು ಕಳಿಸುವಾಗ, ಹೆಂಡತಿಗೆ ಕೇಳಿಸದಂತೆ, “ಅವಳು ಹೇಳಿದ್ದು ನಿಜ ಇರ್ಬೇಕು ಕಣಮ್ಮಾ. ನೀನು ಕೂಗಿದ್ರೆ ಬರೋ ಕಾಲು ನಾನು ಹೇಳಿದ್ರೆ ಬರಲ್ಲ ಅಂದ್ರೆ, ತಪ್ಪು ಕಾಲಿಂದಲ್ಲ. ವಯಸ್ಸಾದ ಮೇಲೆ ನಾನೂ ಸೋಮಾರಿ ಆಗ್ಬಿಟ್ಟೆ” ಎಂದರು.

ಹೊರಗಿನ ತಾಳಕ್ಕೆ ಕಾಲು ಬರುವುದು, ಒಳಗಿನ ಇಚ್ಛೆಗೆ ಬಾರದಿರುವುದು ಒಂದು ಕಾಯಿಲೆಯ ಗುರುತೇ ಹೊರತು ನಾಟಕವಲ್ಲ ಎಂದು ನಮಗೆ ಆಮೇಲೆ ತಿಳಿಯಿತು. ಆ ದಿನ ಅದೇ ಅವರ ವಿರುದ್ಧ ಸಾಕ್ಷಿಯಾಯಿತು. ಫಿಸಿಯೋಥೆರಪಿಸ್ಟ್ ಹುಡುಗನಿಗೆ ಹೇಳಿದಾಗ ಅವನೂ, “ನಾನು ಹೇಳ್ಲಿಲ್ವಾ, ಮನಸ್ಸು ಮಾಡಿದ್ರೆ ಆಗುತ್ತೆ ಅಂತ?” ಎಂದನಂತೆ. ನನಗೆ ತಡೆಯಲಾಗದ ಸಿಟ್ಟು ಇದರ ಮೇಲೆಯೇ. ಕಾಯಿಲೆ ತಾನಾಗಿ ಎದುರು ಬಂದು ನಿಂತು ತನ್ನ ಹೆಸರು ಹೇಳಿತು. ಕೇಳಿಸಿಕೊಂಡವರೆಲ್ಲ ಮನುಷ್ಯನನ್ನು ಬೈದರು.

ಮುಂದಿನ ಎರಡು ವಾರ ಮೇಷ್ಟ್ರು ಹಲ್ಲು ಕಚ್ಚಿ ನಡೆದರು. ಹೆಂಡತಿಯೇ ಹೇಳಿದರು, ಬೆಳಗಿನ ಜಾವ ಎದ್ದು ಗೋಡೆ ಹಿಡಿದು ತಿರುಗುತ್ತಾರೆ ಎಂದು. ಆಗಸ್ಟ್ ಹದಿನೈದರ ಬೆಳಿಗ್ಗೆ ಕಾರಿನಲ್ಲಿ ಅಜ್ಜಂಪುರದ ಮೈದಾನಕ್ಕೆ ಬಂದರು. ಬಿಳಿ ಬಟ್ಟೆ, ಬಿಳಿ ಶೂ. ನಾನು ತುಕಡಿಯನ್ನು ಅವರಿಗೆ ಒಪ್ಪಿಸಿ ಪಕ್ಕಕ್ಕೆ ಸರಿದೆ. ಮಕ್ಕಳ ಮುಂದೆ ಹೋಗಿ ನಿಂತರು. ಮೈಕಿನಲ್ಲಿ ನಮ್ಮ ಶಾಲೆಯ ಹೆಸರು ಕರೆದರು. ಮೇಷ್ಟ್ರು ಸೀಟಿ ಊದಿದರು.

ಮಕ್ಕಳು ಹೊರಟರು. ಮೇಷ್ಟ್ರು ಹೊರಡಲಿಲ್ಲ.

ಮೊದಲ ಸಾಲು ಅವರ ಬೆನ್ನಿಗೆ ತಗುಲುವಷ್ಟು ಹತ್ತಿರ ಬಂತು. ಮುಂದಿದ್ದ ಹುಡುಗಿ ಏನು ಮಾಡಬೇಕೆಂದು ತೋಚದೆ ಒಂದು ಹೆಜ್ಜೆ ಬಲಕ್ಕೆ ಸರಿದಳು, ಪಕ್ಕದವಳು ಎಡಕ್ಕೆ. ಹಿಂದಿನವರು ಅವರನ್ನೇ ನೋಡಿ ಹಾಗೇ ಮಾಡಿದರು. ಇಡೀ ತುಕಡಿ ಎರಡಾಗಿ ಸೀಳಿ ಅವರ ಎರಡೂ ಬದಿಯಿಂದ ಹರಿದು ಮುಂದೆ ಹೋಗಿ ಮತ್ತೆ ಒಂದಾಯಿತು. ಹೆಜ್ಜೆ ತಪ್ಪಲಿಲ್ಲ. ಮಕ್ಕಳು ಎರಡೂ ಕೈ ಬೀಸುತ್ತ ಗಣ್ಯರ ಮುಂದೆ ಹೋದರು. ಮೇಷ್ಟ್ರು ಮೈದಾನದ ನಡುವೆ ಒಬ್ಬರೇ, ಮುಂದಕ್ಕೆ ಸ್ವಲ್ಪ ಬಾಗಿ, ಹೊರಡುವ ಭಂಗಿಯಲ್ಲೇ ನಿಂತಿದ್ದರು.

ನಿರೂಪಕರು ಮೈಕಿನಲ್ಲಿ, “ಇತ್ತೀಚೆಗಷ್ಟೇ ಮಂಡಿ ಶಸ್ತ್ರಚಿಕಿತ್ಸೆ ಆಗಿದ್ದರೂ ಕರ್ತವ್ಯಕ್ಕೆ ಬಂದಿರುವ ಶಿಕ್ಷಕರಿಗೆ ಜೋರಾದ ಚಪ್ಪಾಳೆ” ಎಂದರು. ಜನ ಚಪ್ಪಾಳೆ ತಟ್ಟಿದರು. ಅಷ್ಟು ಕೆಟ್ಟ ಚಪ್ಪಾಳೆಯನ್ನು ನಾನು ಇನ್ನೊಮ್ಮೆ ಕೇಳಿಲ್ಲ.

ಪ್ರಥಮ ಚಿಕಿತ್ಸೆಯ ಟೆಂಟಿನಲ್ಲಿ ಕೂತಿದ್ದ ಒಬ್ಬ ಎಳೆಯ ಡಾಕ್ಟರು ಚಪ್ಪಾಳೆ ತಟ್ಟದೆ ಎದ್ದು ಬಂದರು. ಅವರಿಗೆ ಮೇಷ್ಟ್ರ ಹಳೆಯ ಕತೆ ಗೊತ್ತಿರಲಿಲ್ಲ, ಅದೇ ನಮ್ಮ ಪುಣ್ಯ. ಮಂಡಿಯನ್ನು ಮುಟ್ಟಲೇ ಇಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಟ್ಟಲು ಹೇಳಿದರು. ಬಲಗೈಯ ಬೆರಳು ತಟ್ಟುತ್ತ ತಟ್ಟುತ್ತ ಸಣ್ಣದಾಗಿ ನಿಂತೇಹೋಯಿತು. ಮೊಣಕೈ ಹಿಡಿದು ಮಡಚಿ ಬಿಡಿಸಿದರು. “ಹಲ್ಲಿನ ಚಕ್ರ ತಿರುಗ್ದಂಗೆ ತಡೆತಡೆದು ಬರ್ತಿದೆ” ಎಂದು ನನಗೂ ಹಿಡಿಸಿ ತೋರಿಸಿದರು.

“ವಾಸನೆ ಗೊತ್ತಾಗುತ್ತಾ ಸಾರ್?”

“ಕೊರೊನಾದಲ್ಲಿ ಹೋಯ್ತು.”

“ಕೊರೊನಾ ಬಂದಿತ್ತಾ ನಿಮಗೆ?”

ಮೇಷ್ಟ್ರು ಯೋಚಿಸಿದರು. “ಇಲ್ಲ. ಆ ಟೈಮಲ್ಲಿ ಹೋಯ್ತು.”

ಡಾಕ್ಟರು ಒಂದು ಚೀಟಿ ಬರೆದುಕೊಟ್ಟು ಶಿವಮೊಗ್ಗದಲ್ಲಿ ನರರೋಗ ತಜ್ಞರನ್ನು ಕಾಣಿ ಎಂದರು. ಮೇಷ್ಟ್ರ ಮಗಳಿಗೆ ಆಗತಾನೇ ಹೆರಿಗೆಯಾಗಿತ್ತು. ಹಾಗಾಗಿ ಗಂಡಹೆಂಡತಿಯ ಜೊತೆ ನಾನು ಹೋದೆ.

ತಜ್ಞರು ಹೆಸರು ಹೇಳಿದರು: ಪಾರ್ಕಿನ್ಸನ್. ಭುಜ ಹಿಡಿದುಕೊಂಡಾಗಲೇ ಇದ್ದಿರಬೇಕು ಎಂದರು. ಸಂಧಿವಾತಕ್ಕೂ ಇದಕ್ಕೂ ಸಂಬಂಧವುಂಟೇ ಎಂದು ಕೇಳಿದೆ. ಅವರು ಪ್ರಾಮಾಣಿಕರು, ಅದು ಇನ್ನೂ ಕಷ್ಟವಾಯಿತು. ಕೀಲಿನ ಉರಿಯೂತ ಕೀಲಿನಲ್ಲಷ್ಟೇ ಇರುವುದಿಲ್ಲ, ಇಡೀ ಮೈಯಲ್ಲಿರುತ್ತದೆ. ವರ್ಷಗಟ್ಟಲೆ ಇದ್ದರೆ ಮೆದುಳಿಗೂ ತಟ್ಟಬಹುದು ಎನ್ನುವವರಿದ್ದಾರೆ. ಅನೇಕ ರೋಗಿಗಳನ್ನು ಹೋಲಿಸಿ ನೋಡಿದಾಗ ಕೆಲವು ಸಂಶೋಧಕರಿಗೆ ಸಂಬಂಧ ಕಂಡಿದೆ, ಕೆಲವರಿಗೆ ಕಂಡಿಲ್ಲ, ಸಂಧಿವಾತ ಇದ್ದವರಲ್ಲಿ ಇದು ಕಡಿಮೆ ಎಂದವರೂ ಇದ್ದಾರೆ. “ಇರಬಹುದು. ಅದಕ್ಕಿಂತ ಹೆಚ್ಚು ನಾನು ಹೇಳಿದ್ರೆ ಸುಳ್ಳಾಗುತ್ತೆ.”

ಅವರ ಹೆಂಡತಿ ಬಿಡಲಿಲ್ಲ. “ಹಂಗಾದ್ರೆ ಆಪರೇಷನ್‌ನಿಂದ ಬಂತಾ? ಇಷ್ಟು ವರ್ಷ ನುಂಗಿದ ಮಾತ್ರೆಯಿಂದ ಬಂತಾ?”

“ಆಪರೇಷನ್ನಿಂದ ಬಂದಿಲ್ಲಮ್ಮಾ, ಅದಕ್ಕೆ ಮೊದಲೇ ಇತ್ತು. ಮಾತ್ರೆಯಿಂದ ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ. ಮಂಡೀನೂ ಹಾಳಾಗಿತ್ತು, ಅದೂ ಸುಳ್ಳಲ್ಲ. ಇವರಿಗೆ ಎರಡೂ ಇತ್ತು. ಎಲ್ಲರೂ ಒಂದನ್ನೇ ನೋಡಿದ್ರು.”

ಈ ‘ಇರಬಹುದು’ ಎಂಬ ಪದದ ಜೊತೆ ನಾನು ಅಂದಿನಿಂದ ಜಗಳವಾಡುತ್ತಿದ್ದೇನೆ. ಓದಿದೆ, ಕೇಳಿದೆ, ಎಲ್ಲಿ ಹೋದರೂ ಅದೇ ಪದ ಬಾಗಿಲು ತೆಗೆಯುತ್ತದೆ. ಸಂಬಂಧ ಇಲ್ಲ ಎಂದಾದರೂ ಯಾರಾದರೂ ಖಡಾಖಂಡಿತ ಹೇಳಿದ್ದರೆ ಸುಮ್ಮನಾಗುತ್ತಿದ್ದೆ. ಇದೆ ಎಂದಿದ್ದರೆ, ಕೀಲುನೋವಿನವರನ್ನು ನೋಡುವಾಗ ಡಾಕ್ಟರುಗಳು ಕೈ ಬೀಸುವುದನ್ನೂ ಒಮ್ಮೆ ನೋಡುತ್ತಿದ್ದರು. ಸಂಬಂಧ ಸಾಬೀತಾಗುವವರೆಗೆ ಕಾಯದೆಯೂ ನೋಡಬಹುದಿತ್ತು. ಹತ್ತು ಮಾರು ನಡೆಸಿ ನೋಡುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಮಾತ್ರೆ ಕೆಲಸ ಮಾಡಿತು. ಮೂರು ನಾಲ್ಕು ವಾರದಲ್ಲಿ ಹೊಸ್ತಿಲು ದಾಟಿದರು, ದನಿ ಸ್ವಲ್ಪ ಮರಳಿತು, ಬೀಳ್ಕೊಡುಗೆಯ ದಿನ ವೇದಿಕೆ ತಾವೇ ಹತ್ತಿದರು. ಹೊಸ ಮಂಡಿ ಆಗ ಉಪಯೋಗಕ್ಕೆ ಬಂತು. ಎರಡು ವರ್ಷ ಹಾಗೆ ಕಳೆಯಿತು. ಆಮೇಲೆ ಮಾತ್ರೆಯ ಬಲ ನಿಲ್ಲುವ ಹೊತ್ತು ಕಡಿಮೆಯಾಗುತ್ತ ಬಂದು, ನುಂಗುವುದು ಕಷ್ಟವಾಗಿ, ಕೊನೆಗೆ ನ್ಯುಮೋನಿಯಾ. ಪಥಸಂಚಲನ ಮಾತ್ರ ಅವರಿಗೆ ಮತ್ತೆ ಸಿಗಲಿಲ್ಲ. ಅದಕ್ಕೆ ಇದ್ದದ್ದು ಒಂದೇ ದಿನ.

ಶಾಲೆಯ ಸಂತಾಪ ಸಭೆಯಲ್ಲಿ, “ಬಹುಕಾಲ ಮಂಡಿ ನೋವಿನಿಂದ ಬಳಲುತ್ತಿದ್ದ ನಮ್ಮ ನೆಚ್ಚಿನ ಶಿಕ್ಷಕರು” ಎಂದು ಓದಿದರು. ನಾನು ಎದ್ದು, ಪಾರ್ಕಿನ್ಸನ್ ಎಂದೆ. ಓದುತ್ತಿದ್ದವರು ನನ್ನ ಕಡೆ ನೋಡಿ ತಲೆಯಾಡಿಸಿ, “ಹೌದು ಹೌದು, ಕೊನೆಗೆ ಅದೂ ಸೇರಿಕೊಂಡಿತು” ಎಂದು ಮುಂದುವರಿಸಿದರು.

ಶಿವಮೊಗ್ಗದ ಆ ದಿನಕ್ಕೇ ಹಿಂದಿರುಗುತ್ತೇನೆ, ಹೇಳಬೇಕಾದ್ದು ಉಳಿದಿದೆ. ತಜ್ಞರು ಎಲ್ಲ ಹೇಳಿ ಮುಗಿಸಿದ ಮೇಲೂ ಮೇಷ್ಟ್ರು ಏಳಲಿಲ್ಲ.

“ಸಾರ್, ಹಂಗಾದ್ರೆ ಇದು ಸೋಮಾರಿತನ ಅಲ್ಲ.”

“ಅಲ್ಲ ಸಾರ್. ಕಾಯಿಲೆ.”

“ಇನ್ನೊಂದ್ಸಲ ಹೇಳಿ.”

ಡಾಕ್ಟರು ಇನ್ನೊಮ್ಮೆ ಹೇಳಿದರು. ಅವರ ಹೆಂಡತಿ ಚೀಲದ ಜಿಪ್ಪು ಎಳೆಯುತ್ತ ಕೂತಿದ್ದರು.

ಕಡೂರಿಗೆ ಹೋಗುವ ಬಸ್ಸಿನಲ್ಲಿ ಮೂವರೂ ಹತ್ತಿದೆವು. ತರೀಕೆರೆಯಲ್ಲಿ ಅವರಿಬ್ಬರೂ ಇಳಿಯಬೇಕು. ನನ್ನದು ಇನ್ನೂ ಮುಂದೆ. ಹೆಂಡತಿ ಮೊದಲು ಇಳಿದರು. ಮೇಷ್ಟ್ರು ಬಾಗಿಲವರೆಗೆ ಬಂದು, ಕಂಬಿ ಹಿಡಿದು, ಮೆಟ್ಟಿಲು ನೋಡಿ ನಿಂತುಬಿಟ್ಟರು. ಹಿಂದೆ ಇಳಿಯುವವರ ಗುಂಪು ಸೇರಿತು. ಹತ್ತುವವರು ಕೆಳಗೆ ನೂಕಾಡುತ್ತಿದ್ದರು. ಡ್ರೈವರ್ ಒಂದು ಸಲ ಹಾರ್ನ್ ಹೊಡೆದ.

“ಬೇಗ ಇಳೀರಿ ಯಜಮಾನ್ರೇ, ನಿದ್ದೆ ಮಾಡ್ತಿದ್ದೀರಾ?” ಎಂದ ಕಂಡಕ್ಟರ್.

“ಕಾಯ್ರಿ” ಎಂದರು ಕೆಳಗಿದ್ದ ಅವರ ಹೆಂಡತಿ.

“ಏನಮ್ಮಾ, ಎಷ್ಟು ಹೊತ್ತು?”

“ಎಷ್ಟು ಹೊತ್ತಾಗುತ್ತೋ ಅಷ್ಟು ಹೊತ್ತು. ಅವ್ರು ಬೇಕು ಅಂತ ನಿಂತಿಲ್ಲ.”

ಕಂಡಕ್ಟರ್ ಕೆಟ್ಟವನಲ್ಲ. ಮೇಷ್ಟ್ರ ಕಾಲು ನೋಡಿ ಧ್ವನಿ ಇಳಿಸಿ, “ಓಹೋ, ಮಂಡೀನಾ?” ಎಂದ.

“ಅಲ್ಲ” ಎಂದರು ಆಕೆ. ಕೈಯನ್ನೂ ಚಾಚಲಿಲ್ಲ, ಬೈಯಲೂ ಇಲ್ಲ. ಹತ್ತಲು ನೂಕುತ್ತಿದ್ದವರಿಗೆ ಅಡ್ಡವಾಗಿ ಮೆಟ್ಟಿಲ ಮುಂದೆ ನಿಂತು, ಗಂಡನ ಮುಖ ನೋಡುತ್ತ ಕಾದರು. ಇಡೀ ಬಸ್ಸೂ ಕಾಯಿತು.